ಇವತ್ತಿನ ಮಟ್ಟಿಗೆ

ಪಾಂಡವಪುರ ಬಸ್‌ಸ್ಟ್ಯಾಂಡಿನ ಹಿಂದೆ
ಟೈರ್ ಅಂಗಡಿಗೂ ಬಳೆ ಅಂಗಡಿಗೂ ನಡುವೆ
ಎಂಟಡಿ ಅಗಲ ನನ್ನ ರಾಜ್ಯ.
ಎರಡು ಕಂಪ್ಯೂಟರು, ಕೆಮ್ಮುವ ಒಂದು ಪ್ರಿಂಟರು,
ಅರ್ಜಿ ತುಂಬಿದರೆ ಮೂವತ್ತು, ಪ್ರಿಂಟ್ ತೆಗೆದರೆ ಐದು.

ಮೊದಮೊದಲು ತಡೆ ಹಾಕಿರಲಿಲ್ಲ.
ಪಹಣಿ ಕೇಳಿದರೆ ರಮ್ಮಿ ಬರುತ್ತಿತ್ತು.
ಜಾತಿ ಪತ್ರಕ್ಕೆ ಒತ್ತಿದರೆ
ಅಭಿನಂದನೆ, ನೀವು ಕಾರು ಗೆದ್ದಿದ್ದೀರಿ.
ಒಂದು ದಿನ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು
ಪಿಂಚಣಿ ನೋಡಲು ಬಂದು ಕೂತಿದ್ದಾಗ
ಪರದೆ ತುಂಬ ಅರೆಬಟ್ಟೆಯವಳೊಬ್ಬಳು ಕೈಬೀಸಿದಳು,
ಮುಚ್ಚಿದಷ್ಟೂ ಅಕ್ಕತಂಗಿಯರನ್ನು ಕರೆತಂದಳು.
ಮೇಷ್ಟ್ರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು,
ಏಕಾದಶಿಯಿಂದ ಅಮಾವಾಸ್ಯೆವರೆಗೆ, ಒಂದೂ ಬಿಡದೆ.
ಅವತ್ತು ರಾತ್ರಿಯೇ ಹಾಕಿದೆ, ಪಾಪ್-ಅಪ್ ತಡೆ.

ಆಮೇಲೆ ನೆಮ್ಮದಿ. ಸೊಳ್ಳೆಪರದೆ ಕಟ್ಟಿದ ಹಾಗೆ.
ಪರದೆಗೇನು ಗೊತ್ತು,
ಸೊಳ್ಳೆ ಯಾವುದು, ಮಿಣುಕುಹುಳ ಯಾವುದು.

ನಿನ್ನೆ ಹೊಂಬಯ್ಯ ಬಂದರು.
ಮೂವತ್ತು ವರ್ಷ ಊರ ಕೆರೆಯ ನೀರುಗಂಟಿ;
ಅಂಗೈ ಇನ್ನೂ ತೂಬಿನ ಹಿಡಿಯ ಅಳತೆಗೇ ಮಡಿಸಿದೆ.
ಜೊತೆಗೆ ಮೊಮ್ಮಗಳು ಜೀವಿತಾ.
ನಾಳೆ ಬೆಳಿಗ್ಗೆ ಮಂಡ್ಯದಲ್ಲಿ ನರ್ಸಿಂಗ್ ಪರೀಕ್ಷೆ,
ಹಾಲ್ ಟಿಕೆಟ್ ಬೇಕು.

ನಂಬರು ಹಾಕಿದೆ, ಹುಟ್ಟಿದ ದಿನ ಹಾಕಿದೆ, ಒತ್ತಿದೆ.
ಏನೂ ಇಲ್ಲ.
ಮತ್ತೆ ಒತ್ತಿದೆ. ಚಕ್ರ ಸುತ್ತಿತು, ನಿಂತಿತು.
ಇನ್ನೊಂದು ಸಲ.
"ಫೀಸ್ ಕಟ್ಟಿವ್ನಿ ಅಕ್ಕ, ರಸೀದಿ ಐತೆ" ಹುಡುಗಿಯ ದನಿ ನಡುಗಿತು.
ಸರ್ವರ್ ಅಂದೆ.
ಈ ಊರಲ್ಲಿ ಎಲ್ಲ ಪಾಪಕ್ಕೂ ಸರ್ವರೇ ಹೊಣೆ.

"ಅಲ್ಲೇನೋ ಕೆಂಪಗೆ ಕಾಣ್ತಲ್ಲ ಕೂಸೆ, ಆ ಮೂಲೇಲಿ."
ಅಕ್ಷರ ಬಾರದ ಕಣ್ಣು;
ಸೋರುವ ತೂಬನ್ನು ಕತ್ತಲಲ್ಲಿ
ಕಿವಿಯಿಂದಲೇ ಹುಡುಕಿದ ಮನುಷ್ಯ.
ಹೌದು, ವಿಳಾಸದ ಸಾಲಿನ ತುದಿಗೆ
ಸಾಸಿವೆಯಷ್ಟು ಕಿಟಕಿ, ಅದರ ಮೇಲೊಂದು ಕೆಂಪು ಗುರುತು:
ತಡೆಹಿಡಿಯಲಾಗಿದೆ. ಮೂರು.
ಮೂರು ಸಲ ಬಂದಿದ್ದಾಳೆ ಜೀವಿತಾ,
ಮೂರು ಸಲವೂ ಹೊಸ್ತಿಲಿಂದಲೇ ಅಟ್ಟಿದ್ದೇನೆ.

ತಡೆ ಅಂದರೇನು ಅಂತ ಹೇಳಹೊರಟೆ,
ಸರಿಯಾಗಿ ಹೇಳಲು ಬರಲಿಲ್ಲ.
"ಓ, ತೂಬು" ಅಂದರು. ಅಷ್ಟೆ.

ಈ ತಾಣಕ್ಕೆ ಯಾವಾಗಲೂ ಅನುಮತಿಸು.
ನಾಲ್ಕು ವರ್ಷದಿಂದ ಅದನ್ನೇ ಒತ್ತುತ್ತಿದ್ದೇನೆ.
ಏನು ಬರೆದದೆ ಅಂದರು. ಓದಿದೆ.
"ಯಾವಾಗ್ಲೂ ಅನ್ಬ್ಯಾಡ ಕಣವ್ವ,
ಇವತ್ತಿನ್ ಮಟ್ಟಿಗೆ ಅನ್ನು.
ತೂಬೆತ್ತಿ ಮನೀಕಂಡ್ರೆ
ಬೆಳಗಾಗೋ ವೊತ್ಗೆ ಕೆರೆನೂ ಇರಕಿಲ್ಲ, ಗದ್ದೆನೂ ಇರಕಿಲ್ಲ."

ಅಂಥ ಮಾತು ಇಲ್ಲಿ ಎಲ್ಲಿದೆ ಅಂತ ಹುಡುಕಿದೆ.
ಇತ್ತು, ಅಲ್ಲೇ, ನೀಲಿಯಲ್ಲಿ:
ತಡೆದದ್ದರ ಹೆಸರು. ಅದರ ಮೇಲೆ ಒತ್ತಿದರೆ
ಅದೊಂದೇ, ಒಂದೇ ಸಲ, ತೆರೆಯುತ್ತದೆ.
ನಾಲ್ಕು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಪ್ರಿಂಟರು ಕೆಮ್ಮಿ ಕೆಮ್ಮಿ ಜೀವಿತಾಳನ್ನು
ಹಣೆಯಿಂದ ಶುರುಮಾಡಿ ಹೊರಗೆ ಬಿಟ್ಟಿತು.
ಬೆಚ್ಚನೆಯ ಕಾಗದವನ್ನು ಅವಳು ಉಫ್ ಉಫ್ ಊದಿದಳು.
ಹೊಂಬಯ್ಯ ಹತ್ತರ ನಾಣ್ಯ ಇಟ್ಟು
ಚಿಲ್ಲರೆಗೆ ಕೈ ಚಾಚಿ ನಿಂತರು. ಮರೆಯಲಿಲ್ಲ.

ಸಂಜೆ, ಸಕ್ಕರೆ ಕಾರ್ಖಾನೆಯ ಕಡೆಯಿಂದ ಸೀದ ಸಿಹಿ ವಾಸನೆ.
ಅನುಮತಿಸಿದವರ ಪಟ್ಟಿ ತೆರೆದೆ.
ನಲವತ್ತೊಂದು.
ನಲವತ್ತೊಂದು ತೂಬು ಎತ್ತಿ ಮಲಗಿದ್ದೇನೆ.
ಯಾವತ್ತೋ ಮುಗಿದ ವಿದ್ಯಾರ್ಥಿವೇತನ,
ಬೋರ್‌ವೆಲ್ ಮೋಟಾರಿನ ಸಬ್ಸಿಡಿ,
ಒಬ್ಬ ಹುಡುಗ ಐದು ನಿಮಿಷ ಅಂತ ಕೂತು ನೋಡಿದ ಜಾತಕ,
ಬಳೆ ಅಂಗಡಿಯ ಮುಬೀನಾ ಗುಟ್ಟಾಗಿ ತೆಗೆಸಿದ ವರಗಳ ತಾಣ
(ಅವಳಿಗೀಗ ಎರಡು ಮಕ್ಕಳು).
ಒಂದೊಂದಾಗಿ ಇಳಿಸುತ್ತ ಬಂದೆ.

ಕೊನೆಯದು, ಶಿಕ್ಷಕರ ನೇಮಕಾತಿ.
ಅಂತಿಮ ಪಟ್ಟಿ ಶೀಘ್ರದಲ್ಲಿ, ಅಂತ ಇನ್ನೂ ಹೇಳುತ್ತಲೇ ಇದೆ.
ನನ್ನದೇ ನಂಬರು ಹಾಕಿ ಒತ್ತಿದ್ದೆ, ಎಷ್ಟು ರಾತ್ರಿ.
ಕಸದ ಬುಟ್ಟಿಯ ಗುರುತಿನ ಮೇಲೆ ಬಾಣ ನಿಲ್ಲಿಸಿ
ಕೂತೆ, ಸ್ವಲ್ಪ ಹೊತ್ತು.
ಟೈರ್ ಅಂಗಡಿಯವನು ಗಾಳಿಯಂತ್ರ ಆರಿಸಿದ.

ಇವತ್ತಿನ ಮಟ್ಟಿಗೆ, ಅಂದೆ.
ಅದೊಂದನ್ನು ಬಿಟ್ಟು
ಎಲ್ಲ ಆರಿಸಿ
ಶಟರ್ ಎಳೆದೆ.